ಹದಿನೆಂಟಕ್ಕೆ ಒಪ್ಪದ ಮಣ್ಣು

ನೆಲದೊಳಗೆ ಎಷ್ಟು ತೇವವಿದೆ ಎಂಬ ಸಂಗತಿ ಬಹುಕಾಲದಿಂದ ನೆಲಕ್ಕೆ ಮಾತ್ರ ತಿಳಿದಿದ್ದು, ಸರ್ಕಾರಕ್ಕೆ ತಿಳಿದಿರಲಿಲ್ಲ. ಈ ಲೋಪವನ್ನು ಸರಿಪಡಿಸುವ ಸಲುವಾಗಿ ರಾಷ್ಟ್ರೀಯ ಮಣ್ಣಿನ ತೇವಾಂಶ ನಿಗಾ ಜಾಲವನ್ನು ಸ್ಥಾಪಿಸಲಾಯಿತು. ದೇಶದ ಮೂಲೆಮೂಲೆಗೂ ಒಂದೊಂದು ಕೇಂದ್ರ, ಕೇಂದ್ರಕ್ಕೊಂದು ತಂತಿಬೇಲಿ, ಬೇಲಿಯೊಳಗೆ ಮೊಣಕಾಲಾಳದ ಗುಂಡಿ, ಗುಂಡಿಯಲ್ಲಿ ಹೂತ ಮಾಪಕ. ಮಾಪಕವು ಮಣ್ಣಿನ ತೇವವನ್ನು ಅಳೆದು ಪ್ರಧಾನ ಕಚೇರಿಗೆ ತಿಳಿಸತಕ್ಕದ್ದು. ಅಲ್ಲಿನ ಗೋಡೆಯ ಭೂಪಟದಲ್ಲಿ ಆ ಅಂಕಿ ಹೊಳೆಯತಕ್ಕದ್ದು. ಅಂಕಿ ಹದಿನೈದಕ್ಕಿಂತ ಕೆಳಗಿಳಿದ ಊರಿಗೆ ಕಾಲುವೆ ಇಲಾಖೆಯವರು ತೂಬು ಎತ್ತಿ ನೀರು ಬಿಡತಕ್ಕದ್ದು. ಯೋಜನೆಯಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬುದನ್ನು ಮೊದಲೇ ದಾಖಲಿಸುವುದು ಒಳ್ಳೆಯದು.

ಮಾಪಕಗಳನ್ನು ಕೊಳ್ಳುವ ಹೊಣೆ ಖರೀದಿ ಅಧಿಕಾರಿಯ ಮೇಲೆ ಬಿತ್ತು. ಇಲಾಖೆಯಲ್ಲಿ ಎಲ್ಲರೂ ಅವರನ್ನು ಷರತ್ತಪ್ಪ ಎಂದೇ ಕರೆಯುತ್ತಿದ್ದರು. ಅವರು ಬರೆದ ಷರತ್ತನ್ನು ಮೀರಿ ಒಂದು ಗುಂಡುಸೂಜಿಯೂ ಕಚೇರಿಯ ಹೊಸ್ತಿಲು ದಾಟಿದ್ದಿಲ್ಲ. ಹಿಂದೆ ಕಂಪ್ಯೂಟರ್ ಕೊಳ್ಳುವಾಗ ತಾವೇ ಬರೆದಿದ್ದ ಟೆಂಡರನ್ನು ಅವರು ಮುಂದಿಟ್ಟುಕೊಂಡು, ‘ಕಂಪ್ಯೂಟರ್’ ಎಂದಿದ್ದ ಕಡೆಯೆಲ್ಲ ‘ಮಾಪಕ’ ಎಂದು ತಿದ್ದಿದರು. ಹೀಗಾಗಿ ಒಂದು ಷರತ್ತು ಈ ರೀತಿ ಉಳಿಯಿತು: ‘ಯಾವುದೇ ಸಂದರ್ಭದಲ್ಲಿಯೂ ಉಪಕರಣದೊಳಗೆ ನೀರಾಗಲಿ, ತೇವವಾಗಲಿ, ಧೂಳಾಗಲಿ, ಮಣ್ಣಾಗಲಿ ಪ್ರವೇಶಿಸತಕ್ಕದ್ದಲ್ಲ.’

ಸಭೆಯಲ್ಲಿ, ಹೊಸದಾಗಿ ಸೇರಿದ್ದ ಮಣ್ಣು ವಿಜ್ಞಾನಿಯೊಬ್ಬ ಎದ್ದು ನಿಂತ.

“ಸರ್, ತೇವ ಒಳಗೇ ಹೋಗದಿದ್ರೆ ಅದನ್ನ ಅಳೆಯೋದು ಹೇಗೆ?”

“ಅಳೆಯೋದು ಮಾಪಕದ ಕೆಲಸ,” ಎಂದರು ಷರತ್ತಪ್ಪ. “ಹೇಗೆ ಅನ್ನೋದು ಟೆಂಡರಿನಲ್ಲಿ ಬರಲ್ಲ.”

“ಆದ್ರೂ ಅದು ಮಣ್ಣನ್ನ ಮುಟ್ಟಬೇಕಲ್ವಾ ಸರ್?”

“ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತಪ್ಪ.”

ವಿಜ್ಞಾನಿಯ ಆಸಕ್ತಿಯನ್ನು ಮೆಚ್ಚಿದ ಇಲಾಖೆ ಅವನನ್ನು ಎರವಲು ಸೇವೆಯ ಮೇಲೆ ಸಮುದ್ರ ಇಲಾಖೆಗೆ ಕಳಿಸಿತು. ಅಲ್ಲಿ ತೇವದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಆ ಷರತ್ತನ್ನು ಪೂರೈಸಬಲ್ಲವರು ಇಡೀ ದೇಶದಲ್ಲಿ ಒಬ್ಬರೇ ಸಿಕ್ಕರು. ಅವರದು ಊಟದ ಡಬ್ಬಿಗಳ ಕಾರ್ಖಾನೆ. ತಲೆಕೆಳಗು ಮಾಡಿದರೂ ಒಂದು ಹನಿ ಸೋರದ ಡಬ್ಬಿಗಳೆಂದು ಅವರ ಸರಕು ಹೆಸರುವಾಸಿ. ಅವರು ಇಲಾಖೆಯ ನಿರ್ದೇಶಕರ ಷಡ್ಡಕರೂ ಆಗಿದ್ದದ್ದು ಬೇರೆಯೇ ವಿಷಯ. ನಿಷ್ಪಕ್ಷಪಾತವಾಗಿರಬೇಕೆಂದು ಟೆಂಡರ್ ತೆರೆಯುವ ಹೊತ್ತಿಗೆ ನಿರ್ದೇಶಕರು ಕೋಣೆಯಿಂದ ಎದ್ದು ಪಡಸಾಲೆಯಲ್ಲಿ ನಿಂತರು. ಒಬ್ಬರೇ ನಿಂತಿರುವುದು ಚೆನ್ನಾಗಿ ಕಾಣುವುದಿಲ್ಲವೆಂದು ಷಡ್ಡಕರೂ ಅವರ ಜೊತೆ ನಿಂತರು. ಒಳಗೆ ಕೆಲಸ ಮುಗಿದಾಗ ಇಬ್ಬರೂ ಒಟ್ಟಿಗೇ ಒಳಬಂದು, ಏನಾಯಿತೆಂದು ಕೇಳಿ ತಿಳಿದು, ಸಂತೋಷಪಟ್ಟರು.

ಷಡ್ಡಕರು ಪ್ರತಿಯೊಂದು ಮಾಪಕವನ್ನೂ ಒಂದೊಂದು ಊಟದ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ರಬ್ಬರ್ ಬಿಗಿದು ಕಳಿಸಿದರು. ಡಬ್ಬಿಯೊಳಗೆ ಕಾರ್ಖಾನೆಯ ಗಾಳಿ ಇತ್ತು. ಆ ಗಾಳಿಯ ತೇವವನ್ನು ಮಾಪಕಗಳು ಪ್ರಾಮಾಣಿಕವಾಗಿ ಅಳೆಯುತ್ತಿದ್ದವು.

ಉದ್ಘಾಟನೆಯ ದಿನ ಮಂತ್ರಿಗಳು ಗುಂಡಿ ಒತ್ತಿದರು. ಭೂಪಟ ಹೊತ್ತಿಕೊಂಡಿತು. ಮರಳುಗಾಡಿನಲ್ಲಿ ಹದಿನೆಂಟು, ಜೌಗಿನಲ್ಲಿ ಹದಿನೆಂಟು, ಬೆಟ್ಟದ ನೆತ್ತಿಯಲ್ಲಿ ಹದಿನೆಂಟು, ಹೊಳೆಯ ದಂಡೆಯಲ್ಲಿ ಹದಿನೆಂಟು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಮಂತ್ರಿಗಳು ಕಣ್ಣೊರೆಸಿಕೊಂಡು, “ಮನುಷ್ಯರಲ್ಲಿ ಮೇಲುಕೀಳು ಇರಬಹುದು, ನಮ್ಮ ನೆಲದಲ್ಲಿ ಇಲ್ಲ ಅನ್ನೋದನ್ನ ವಿಜ್ಞಾನ ಇವತ್ತು ತೋರಿಸಿಕೊಟ್ಟಿದೆ,” ಎಂದರು. ಅಂಕಿ ಎಲ್ಲಿಯೂ ಹದಿನೈದಕ್ಕೆ ಇಳಿಯದ್ದರಿಂದ ಕಾಲುವೆ ಇಲಾಖೆ ಎಲ್ಲಿಯೂ ತೂಬು ಎತ್ತಬೇಕಾಗಲಿಲ್ಲ. ತೂಬುಗಳ ಸವೆತ ಗಣನೀಯವಾಗಿ ತಗ್ಗಿತೆಂದು ಅವರು ಅಭಿನಂದನಾ ಪತ್ರ ಕಳಿಸಿದರು.

ಭೂಪಟದ ಕೆಳಮೂಲೆಯಲ್ಲಿ ಮಾತ್ರ ಒಂದು ದೀಪ ಕೆಂಪಗೆ ಮಿಣುಕುತ್ತಿತ್ತು. ಅಲ್ಲಿನ ಅಂಕಿ ಇಪ್ಪತ್ತಾರು.

ಅದು ಬಸ್ಸಿನ ದಾರಿ ಮುಗಿಯುವ ಸಣ್ಣ ಊರು. ಅಲ್ಲಿಯ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕಿಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೇಲಿಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಅವಳು, ರಾಜಧಾನಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಅವಳ ಗಂಡ, ಮತ್ತು ಅವಳ ಅತ್ತೆ ಇದ್ದರು. ಮಾಪಕ ಹೂಳುವ ದಿನ ಗುಂಡಿಯ ತಳದಲ್ಲಿ ಬಂಡೆ ಸಿಕ್ಕಿ ಡಬ್ಬಿ ಹಿಡಿಸಲಿಲ್ಲ. ಅವಳು ಸೂಚನಾ ಪುಸ್ತಕ ತೆರೆದು ನೋಡಿದಳು. ‘ಮಾಪಕವನ್ನು ಮಣ್ಣಿನಲ್ಲಿ ಹೂಳತಕ್ಕದ್ದು’ ಎಂದಿತ್ತು. ಡಬ್ಬಿಯ ಮಾತೇ ಇರಲಿಲ್ಲ. ಹೀಗಾಗಿ ಡಬ್ಬಿ ಬಿಚ್ಚಿ, ಮಾಪಕವನ್ನಷ್ಟೇ ಹೂತು, ಮಣ್ಣು ಮುಚ್ಚಿದಳು. ಖಾಲಿ ಡಬ್ಬಿಯನ್ನು ಅತ್ತೆ ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕೆ ಇರುವೆ ಮುತ್ತಲ್ಲ,” ಎಂದು ಸಕ್ಕರೆ ತುಂಬಿಸಿಟ್ಟರು.

ಆ ಮಾಪಕ ಮಳೆ ಬಂದರೆ ಏರುತ್ತಿತ್ತು, ಬಿಸಿಲು ಕಾದರೆ ಇಳಿಯುತ್ತಿತ್ತು. ಮೇಲ್ವಿಚಾರಕಿ ದಿನವೂ ಅಂಕಿಯನ್ನು ಸ್ಲೇಟಿನಲ್ಲಿ ಬರೆದು ಗೇಟಿಗೆ ತೂಗುಹಾಕುತ್ತಿದ್ದಳು. ಸುತ್ತಲ ತರಕಾರಿ ಬೆಳೆಗಾರರು ಬೆಳಿಗ್ಗೆ ಅಲ್ಲಿ ಸೈಕಲ್ ನಿಲ್ಲಿಸುವುದು ವಾಡಿಕೆಯಾಯಿತು. ಅವರಿಗೆಲ್ಲ ಹಿರಿಯ ಮೂಲಂಗಿಯಣ್ಣ. ಹರೆಯದಿಂದಲೂ ಮೂಲಂಗಿ ಬಿಟ್ಟು ಬೇರೇನೂ ಬೆಳೆಯದವರು.

“ಇವತ್ತೆಷ್ಟಮ್ಮ?”

“ಹದಿನಾಲ್ಕಕ್ಕೆ ಬಂತಣ್ಣ.”

“ಹಾಗಾದ್ರೆ ತೂಬು ಎತ್ತುತ್ತಾರೆ. ಗುದ್ದಲಿ ತರ್ತೀನಿ.”

ನೀರು ಬೇಕಾದಾಗ ಬಂತು, ಬೇಡದಾಗ ನಿಂತಿತು. ಆ ವರ್ಷ ಯಾರ ಮೂಲಂಗಿಯೂ ಕೊಳೆಯಲಿಲ್ಲ. ಯೋಜನೆಯ ಉದ್ದೇಶ ಈಡೇರಿದ ಏಕೈಕ ಸ್ಥಳ ಇದಾದ್ದರಿಂದ ಪ್ರಧಾನ ಕಚೇರಿಯ ಅನುಮಾನ ಸಹಜವಾಗಿಯೇ ಇತ್ತ ಹರಿಯಿತು.

ಮೇಲ್ವಿಚಾರಕಿಗೆ ನೋಟಿಸು ಬಂತು: ‘ತಮ್ಮ ಕೇಂದ್ರದ ಮಣ್ಣು ರಾಷ್ಟ್ರದ ಮಣ್ಣಿನೊಂದಿಗೆ ಹೊಂದಿಕೊಳ್ಳದಿರಲು ಕಾರಣವೇನು?’

ಅವಳು ಉತ್ತರ ಬರೆದಳು: ‘ಮಳೆ ಬಂದಿತ್ತು.’

ಮರುಟಪಾಲಿಗೆ ಜವಾಬು ಬಂತು: ‘ಮಳೆಯು ಹವಾಮಾನ ಇಲಾಖೆಯ ವ್ಯಾಪ್ತಿಗೆ ಸೇರಿದ ವಿಷಯವಾಗಿದ್ದು, ಅದು ಬಂದ ಬಗ್ಗೆ ಆ ಇಲಾಖೆಯಿಂದ ಈ ಕಚೇರಿಗೆ ಲಿಖಿತ ಮಾಹಿತಿ ಬಂದಿರುವುದಿಲ್ಲ. ಆದ್ದರಿಂದ ಮಳೆಯ ಹೊರತಾದ ಕಾರಣವನ್ನು ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮ ಸೇವೆಯನ್ನು ಖಾಯಂಗೊಳಿಸುವ ವಿಷಯವನ್ನು ಕೈಬಿಡಲಾಗುವುದು.’

ಅವಳು ಅದನ್ನು ಅಡುಗೆಮನೆಯಲ್ಲಿ ಗಂಡನಿಗೆ ಓದಿ ಹೇಳಿದಳು. ಅವನು ಆಗತಾನೇ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ.

“ಹದಿನೆಂಟು ಅಂತ ಬರೆದು ಕಳಿಸ್ಬಿಡು,” ಎಂದ. “ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ ಅಂತಾರೆ. ನಮಗ್ಯಾಕೆ?”

“ಬರೆಯೋದು ನಾನಲ್ಲ. ಅದೇ ನೆಟ್ಟಗೆ ಹೋಗಿ ಹೇಳುತ್ತೆ. ನಾನು ಮಾಡಬಹುದಾದದ್ದು ಒಂದೇ. ಅದನ್ನ ಅಗೆದು ಡಬ್ಬಿಗೆ ಹಾಕಬೇಕು.”

“ಹಾಕು ಮತ್ತೆ.”

“ಹಾಕಿದ್ರೆ ತೂಬು ಎತ್ತಲ್ಲ ಅವರು. ಮೂಲಂಗಿಯಣ್ಣನ ಮುಖ ಹೇಗೆ ನೋಡ್ಲಿ ನಾನು?”

ಅತ್ತೆ ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. “ಡಬ್ಬಿಯಲ್ಲಿ ಸಕ್ಕರೆ ಇದೆ,” ಎಂದರು. “ಅದಿರೋ ತನಕ ಡಬ್ಬಿ ಕೊಡಲ್ಲ.”

“ಅತ್ತೆ, ಕೆಲಸ ಹೋಗುತ್ತೆ.”

“ಹೋದ್ರೆ ಹೋಗುತ್ತೆ. ಮಣ್ಣು ನೆನೆದಿದೆ ಅಂತ ಹೇಳಿದ್ದಕ್ಕೆ ಹೋಯ್ತು ಅಂತ ನಾಲ್ಕು ಜನಕ್ಕೆ ಹೇಳ್ಬಹುದು. ಒಣಗಿದೆ ಅಂತ ಸುಳ್ಳು ಹೇಳಿ ಉಳಿಸ್ಕೊಂಡೆ ಅಂತ ಹೇಳೋಕಾಗುತ್ತಾ?”

ಖಾಯಂ ಆದಮೇಲೆ ಒಂದು ಹೊಲಿಗೆ ಯಂತ್ರ ಕೊಳ್ಳಬೇಕೆಂದು ಮೇಲ್ವಿಚಾರಕಿ ಅಂದುಕೊಂಡಿದ್ದಳು. ಅದನ್ನಿಡಲು ಕಿಟಕಿಯ ಪಕ್ಕ ಜಾಗವನ್ನೂ ಮಾಡಿಟ್ಟಿದ್ದಳು. ಮಾರನೇ ದಿನ ಮತ್ತೆ ಉತ್ತರ ಬರೆದಳು: ‘ಮಳೆ ಇನ್ನೂ ಬರುತ್ತಿದೆ.’

ಇಂಥ ಉದ್ಧಟತನವನ್ನು ಸ್ಥಳದಲ್ಲೇ ಪರಿಶೀಲಿಸಲು ವಿಚಾರಣಾ ಸಮಿತಿ ಹೊರಟಿತು. ನಿರ್ದೇಶಕರು ಅಧ್ಯಕ್ಷರು, ಷರತ್ತಪ್ಪ ಸದಸ್ಯರು, ಷಡ್ಡಕರು ತಾಂತ್ರಿಕ ಪರಿಣತರು. ಊರು ಇನ್ನೇನು ಕಾಣಿಸಿತು ಎನ್ನುವಾಗ ಜೀಪು ಕೆಸರಿನಲ್ಲಿ ಹೂತಿತು. ಚಾಲಕ ಗಾಲಿ ತಿರುಗಿಸಿದಷ್ಟೂ ಅದು ಕೆಳಕ್ಕಿಳಿಯಿತು. ಮೂವರೂ ಕೊಡೆ ಹಿಡಿದು ಇಳಿದರು. ನಿರ್ದೇಶಕರ ಒಂದು ಬೂಟನ್ನು ನೆಲ ಒಳಗೆಳೆದುಕೊಂಡು ಮತ್ತೆ ಕೊಡಲಿಲ್ಲ.

“ಇಲ್ಲಿಯ ತೇವ ಎಷ್ಟಿರಬಹುದು?” ಎಂದರು ನಿರ್ದೇಶಕರು, ಒಂಟಿಗಾಲಲ್ಲಿ ನಿಂತು.

ಷರತ್ತಪ್ಪ ಚೀಲದಿಂದ ಪ್ರಮಾಣೀಕೃತ ಮಾಪಕವೊಂದನ್ನು ಡಬ್ಬಿಯ ಸಮೇತ ತೆಗೆದು ಕೆಸರಿಗೆ ಅದ್ದಿದರು. ಅದು ಮುಳುಗಿತು. ಮೇಲೆತ್ತಿ ನೋಡಿದರು.

“ಹದಿನೆಂಟು ಸರ್.”

“ನಾನೂ ಅಷ್ಟೇ ಅಂದ್ಕೊಂಡೆ,” ಎಂದರು ನಿರ್ದೇಶಕರು.

ತೋಟಗಳಿಂದ ಬೆಳೆಗಾರರು ಓಡಿಬಂದರು. ಮೂಲಂಗಿಯಣ್ಣ ಜೀಪಿನ ಹಿಂಭಾಗಕ್ಕೆ ಹೆಗಲು ಕೊಟ್ಟು, “ಮೊದ್ಲೇ ಅಮ್ಮನಿಗೆ ಫೋನ್ ಮಾಡಿದ್ರೆ ಹೇಳ್ತಿದ್ರು ಸ್ವಾಮಿ, ಇವತ್ತು ನಲವತ್ತೊಂದು, ಗಾಡಿ ತರಬೇಡಿ ಅಂತ,” ಎಂದರು. ಸಮಿತಿ ಈ ಹೇಳಿಕೆಯನ್ನು ದಾಖಲಿಸಿಕೊಳ್ಳಲಿಲ್ಲ. ಜೀಪು ಮಾತ್ರ ಮೇಲೆ ಬಂತು.

ಮನೆಯಲ್ಲಿ ಅತ್ತೆ ಮೂವರಿಗೂ ಒಣ ಟವೆಲು ಕೊಟ್ಟು ಒಲೆಯ ಪಕ್ಕ ಕೂರಿಸಿದರು. ನಿರ್ದೇಶಕರಿಗೆ ಕಂಡಕ್ಟರನ ಹಳೆಯ ಚಪ್ಪಲಿ ಸಿಕ್ಕಿತು. ಚಹಾಕ್ಕೆ ಸಕ್ಕರೆ ಹಾಕಲು ಅತ್ತೆ ಡಬ್ಬಿ ತೆಗೆದಾಗ ಷಡ್ಡಕರು ಅದನ್ನು ಕೈಗೆತ್ತಿಕೊಂಡರು. ಮುಚ್ಚಳದ ಮೇಲೆ ತಮ್ಮ ಕಾರ್ಖಾನೆಯ ಗುರುತಿತ್ತು.

“ಇದರಲ್ಲಿ ಮಾಪಕ ಇರಬೇಕಿತ್ತಲ್ಲಮ್ಮ.”

“ಅದು ಮಣ್ಣಲ್ಲಿದೆ ಸರ್,” ಎಂದಳು ಮೇಲ್ವಿಚಾರಕಿ. “ಪುಸ್ತಕದಲ್ಲಿ ಹಾಗೇ ಇದೆ.” ಪುಟ ತೆರೆದು ತೋರಿಸಿದಳು.

ಷರತ್ತಪ್ಪ ಎರಡು ಸಲ ಓದಿದರು. ಅವರ ಮುಖದಲ್ಲಿ ಗೌರವ ಮೂಡಿತು. ಬರೆದದ್ದನ್ನು ಬರೆದಂತೆಯೇ ಪಾಲಿಸಿದ ಇನ್ನೊಬ್ಬ ಮನುಷ್ಯನನ್ನು ಅವರು ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ. “ಈಕೆಯದು ತಪ್ಪಿಲ್ಲ,” ಎಂದರು.

“ಹಾಗಾದ್ರೆ ಡಬ್ಬಿಯ ತಪ್ಪಾ?” ಎಂದು ನಿರ್ದೇಶಕರು ಷಡ್ಡಕರ ಕಡೆ ನೋಡಿದರು.

ಷಡ್ಡಕರು ನೊಂದುಕೊಂಡರು. “ಭಾವ, ಸಕ್ಕರೆ ನೋಡಿ. ಇಂಥ ಮಳೆಯಲ್ಲೂ ಒಂದು ಹರಳು ಕರಗಿಲ್ಲ.”

ಇದು ನಿಜವಾಗಿತ್ತು. ಅತ್ತೆಯೂ ತಲೆಯಾಡಿಸಿ, “ಡಬ್ಬಿಗೆ ಹೆಸರಿಡೋ ಹಾಗಿಲ್ಲ,” ಎಂದರು.

ಸಮಿತಿ ಬಹಳ ಹೊತ್ತು ಚಿಂತಿಸಿತು. ಮೇಲ್ವಿಚಾರಕಿ ನಿಯಮ ಪಾಲಿಸಿದ್ದಾಳೆ. ಡಬ್ಬಿ ಷರತ್ತು ಪಾಲಿಸಿದೆ. ಮಾಪಕ ಸರ್ಕಾರದ ಸ್ವತ್ತು. ಮಳೆ ಬೇರೆ ಇಲಾಖೆಯದು. ಉಳಿದದ್ದು ಮಣ್ಣೊಂದೇ. ಆದ್ದರಿಂದ ತಪ್ಪು ಮಣ್ಣಿನದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮೊದಲು ಅಮಾನತು ಮಾಡಬೇಕೆಂಬ ಮಾತು ಬಂತು. ಆದರೆ ಮಣ್ಣು ಹಿಂದೆಂದೂ ಇಂಥ ದೂರಿಗೆ ಒಳಗಾಗಿಲ್ಲವಾದ್ದರಿಂದ, ಷರತ್ತಪ್ಪನವರ ಸಲಹೆಯ ಮೇರೆಗೆ, ಕರುಣೆ ತೋರಿ ವರ್ಗಾವಣೆಗೆ ಇಳಿಸಲಾಯಿತು. ಆದೇಶ ಹೀಗಿತ್ತು:

‘ಸದರಿ ಕೇಂದ್ರದ ಮಣ್ಣನ್ನು, ಅದರಲ್ಲಿರುವ ಮಾಪಕದ ಸಮೇತ, ಆಡಳಿತಾತ್ಮಕ ಕಾರಣಗಳಿಂದ ತಕ್ಷಣ ಜಾರಿಗೆ ಬರುವಂತೆ ಪ್ರಧಾನ ಕಚೇರಿಗೆ ವರ್ಗಾಯಿಸಲಾಗಿದೆ. ತೆರವಾದ ಸ್ಥಳಕ್ಕೆ ಪ್ರಭಾರ ಮಣ್ಣನ್ನು ನೇಮಿಸಲಾಗುವುದು. ವರ್ಗವಾದ ಮಣ್ಣಿನ ಮೂಲಹುದ್ದೆಯ ಹಕ್ಕು ಅಬಾಧಿತವಾಗಿದ್ದು, ಅದರ ಅಂಕಿಯನ್ನೇ ಸದರಿ ಊರಿನ ಅಂಕಿಯೆಂದು ಪರಿಗಣಿಸತಕ್ಕದ್ದು. ಮಣ್ಣಿನೊಂದಿಗೆ ಹಾಲಿ ಮೇಲ್ವಿಚಾರಕಿಯೂ ತೆರಳತಕ್ಕದ್ದು.’

ಸರ್ಕಾರಿ ಮಣ್ಣನ್ನು ಹಂಗಾಮಿ ನೌಕರರ ವಶಕ್ಕೆ ಕೊಟ್ಟು ಊರಿಂದೂರಿಗೆ ಸಾಗಿಸಲು ನಿಯಮದಲ್ಲಿ ಅವಕಾಶವಿಲ್ಲ. ಹೀಗಾಗಿ ಅದೇ ದಿನ ಮೇಲ್ವಿಚಾರಕಿಯ ಸೇವೆಯನ್ನು ಖಾಯಂಗೊಳಿಸಲಾಯಿತು.

ಲಾರಿಯಲ್ಲಿ ದೊಡ್ಡ ಮರದ ಪೆಟ್ಟಿಗೆ ಬಂತು. ಮಣ್ಣನ್ನು ಪದರ ಕೆಡದಂತೆ ಕತ್ತರಿಸಿ ಅದರಲ್ಲಿಟ್ಟರು. ಅತ್ತೆ ಗೇಟಿನವರೆಗೆ ಬಂದು, “ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರೆ ಸುಮ್ಮನಿರು. ಮಣ್ಣಿಗೆ ಅಂದಿದ್ದು, ನಿನಗಲ್ಲ,” ಎಂದು ಸೊಸೆಗೆ ಬುದ್ಧಿ ಹೇಳಿದರು. ಗಂಡ ಹಗ್ಗ ಬಿಗಿಯಾಗಿದೆಯೇ ಎಂದು ಮೂರು ನಾಲ್ಕು ಸಲ ಎಳೆದು ನೋಡಿದ.

ಪ್ರಧಾನ ಕಚೇರಿಯಲ್ಲಿ ಮಣ್ಣಿಗೆ ಅದರ ದರ್ಜೆಗೆ ತಕ್ಕ ಕೋಣೆ ಸಿಕ್ಕಿತು. ಕೋಣೆಗೆ ಏಸಿ ಇತ್ತು. ಪೆಟ್ಟಿಗೆಯ ಪಕ್ಕ ಮೇಲ್ವಿಚಾರಕಿಗೆ ಮೇಜು, ಕುರ್ಚಿ, ಫೋನು. ಕೆಲವೇ ದಿನಗಳಲ್ಲಿ ಅಂಕಿ ನಲವತ್ತೊಂದರಿಂದ ಇಳಿಯುತ್ತಾ ಬಂದು ಹದಿನೆಂಟಕ್ಕೆ ಮುಟ್ಟಿತು. ಆ ದಿನ ಕಚೇರಿಯಲ್ಲಿ ಎಲ್ಲರಿಗೂ ಚಹಾ ಕೊಡಲಾಯಿತು. ‘ಸೂಕ್ತ ವಾತಾವರಣ ಸಿಕ್ಕರೆ ಯಾರು ಬೇಕಾದರೂ ಸುಧಾರಿಸಬಹುದು’ ಎಂದು ನಿರ್ದೇಶಕರು ಮಾತಾಡಿದರು. ಆದರೆ ಏಸಿ ನಿಲ್ಲಲಿಲ್ಲ. ಅಂಕಿಯೂ ನಿಲ್ಲಲಿಲ್ಲ. ಹದಿನೈದಾಯಿತು, ಹನ್ನೆರಡಾಯಿತು, ಒಂಬತ್ತಾಯಿತು.

ಕಾಲುವೆ ಇಲಾಖೆಯವರು ನಿಯಮದ ಪ್ರಕಾರ ಆ ಊರಿಗೆ ತೂಬು ಎತ್ತಿದರು.

ಮೂಲಂಗಿಯಣ್ಣ ಫೋನ್ ಮಾಡಿದರು. “ಅಮ್ಮ, ನಮ್ಮ ಮಣ್ಣು ಹೇಗಿದೆ?”

“ಚೆನ್ನಾಗಿದೆ ಅಣ್ಣ. ಸ್ವಲ್ಪ ಒಣಗಿದೆ.”

“ಇಲ್ಲಿ ಮೇಲಿಂದ ಮಳೆ, ಕೆಳಗಿಂದ ಕಾಲುವೆ. ಮೂಲಂಗಿ ಈಜ್ತಾ ಇದೆ. ತೂಬು ಇಳಿಸಿ ಅಂದ್ರೆ, ನಿಮ್ಮ ಮಣ್ಣು ಒಂಬತ್ತು ಅಂತಿದೆ, ನಮ್ಮ ಕೈಯಲ್ಲಿ ಏನಿದೆ ಅಂತಾರೆ.”

“ಮಳೆ ಬಂದಿದ್ದು ಇದಕ್ಕೆ ಗೊತ್ತಿಲ್ಲ ಅಣ್ಣ, ಪಾಪ. ರೂಮಿನಲ್ಲಿದೆ.”

“ಹಾಗಾದ್ರೆ ಯಾರಾದ್ರೂ ಹೋಗಿ ಹೇಳಬೇಕಲ್ಲ,” ಎಂದರು ಮೂಲಂಗಿಯಣ್ಣ.

ಅಂದು ಮೂಲಂಗಿಯಣ್ಣ ತಮ್ಮ ಹೊಲದ ನಡುವೆ, ಪೆಟ್ಟಿಗೆಯಷ್ಟೇ ಅಗಲದ ತಗಡಿನ ತೊಟ್ಟಿ ಇಟ್ಟು ಮಳೆ ಹಿಡಿದರು. ಅದನ್ನು ಕ್ಯಾನಿಗೆ ತುಂಬಿ ರಾಜಧಾನಿಯ ಬಸ್ಸಿನಲ್ಲಿ ಕಂಡಕ್ಟರನ ಕೈಗೊಪ್ಪಿಸಿದರು. ಕಂಡಕ್ಟರ್ ಅದನ್ನು ದಾರಿಯುದ್ದಕ್ಕೂ ಚೆಲ್ಲದಂತೆ ಕಾಲ ಸಂದಿಯಲ್ಲಿ ಹಿಡಿದು ತಂದ. ಹೆಂಡತಿಯನ್ನು ನೋಡದೆ ಅವನಿಗೂ ದಿನಗಳಾಗಿದ್ದವು. ಇಬ್ಬರೂ ಮಣ್ಣಿನ ಎದುರು ಕೂತು, ಮನೆಯ ಸುದ್ದಿ ಮಾತಾಡುತ್ತಾ, ಕ್ಯಾನಿನ ನೀರನ್ನು ಲೋಟದಿಂದ ಮೆಲ್ಲಗೆ ಪೆಟ್ಟಿಗೆಯ ಮೇಲೆ ಹನಿಸಿದರು. ಅಂಕಿ ಮೂವತ್ತಕ್ಕೇರಿತು. ಅಲ್ಲಿ ತೂಬು ಇಳಿಯಿತು.

ಕೋಣೆಯಲ್ಲಿ ನೀರು ಕಂಡು ಷರತ್ತಪ್ಪ ಬಂದರು. ಮೇಲ್ವಿಚಾರಕಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಕ್ಯಾನನ್ನು ಸುತ್ತಲೂ ನೋಡಿದರು.

“ಇದು ಅಲ್ಲಿಯದೇ ಮಳೆ ಅನ್ನೋದಕ್ಕೆ ಏನು ಗ್ಯಾರಂಟಿ?”

“ಇವರೇ ತಂದಿದ್ದು ಸರ್. ನಮ್ಮ ಯಜಮಾನ್ರು.”

“ಸರ್ಕಾರಿ ಬಸ್ಸಿನಲ್ಲಾ?”

“ಹೌದು ಸರ್,” ಎಂದ ಕಂಡಕ್ಟರ್.

“ಟಿಕೆಟ್ ಇದೆಯಾ?”

“ಮಳೆಗೆ ಟಿಕೆಟ್ ಹರಿಯೋಕೆ ನಮಗೆ ಆದೇಶ ಇಲ್ಲ ಸರ್.”

“ಅದೇ ಲೋಪ,” ಎಂದರು ಷರತ್ತಪ್ಪ. ಸಂಜೆಯೊಳಗೆ ಕರಡು ಬರೆದರು. ವರ್ಗಾವಣೆಗೊಂಡ ಮಣ್ಣಿಗೆ ಅದರ ಸ್ವಂತ ಊರಿನ ಮಳೆಯನ್ನು ಮುಚ್ಚಿದ ಡಬ್ಬಿಯಲ್ಲಿ ಸಾಗಿಸಲು ಅನುಮತಿ ದೊರೆಯಿತು. ಡಬ್ಬಿಗಳನ್ನು ಷಡ್ಡಕರೇ ಪೂರೈಸಿದರು. ಒಂದು ಹನಿಯೂ ಸೋರಲಿಲ್ಲ. ಬಿಸಿಲನ್ನು ಡಬ್ಬಿಯಲ್ಲಿ ತುಂಬಲು ಬಾರದ್ದರಿಂದ ಅದಕ್ಕೆ ಪ್ರತಿಯಾಗಿ ಏಸಿಯನ್ನೇ ಮುಂದುವರಿಸಲಾಯಿತು. ಅಂಕಿ ಮತ್ತೆ ಹದಿನೆಂಟನ್ನು ಬಿಟ್ಟು ಏರಿಳಿಯತೊಡಗಿದ್ದನ್ನು ಯಾರೂ ಆಕ್ಷೇಪಿಸಲಿಲ್ಲ. ಪ್ರಧಾನ ಕಚೇರಿಯ ಅಂಕಿ ತಪ್ಪಾಗುವುದಕ್ಕೆ ನಿಯಮದಲ್ಲಿ ಅವಕಾಶವೇ ಇರಲಿಲ್ಲ.

ಬೇರೆ ಊರುಗಳ ಬೆಳೆಗಾರರಿಗೆ ಸುದ್ದಿ ಮುಟ್ಟಿತು. ಅವರು ತಮ್ಮೂರಿನ ಮಾಪಕಗಳನ್ನೂ ಡಬ್ಬಿಯಿಂದ ಬಿಚ್ಚಿ ಹೂತು, ತಮ್ಮ ಮಣ್ಣೂ ರಾಷ್ಟ್ರದೊಂದಿಗೆ ಹೊಂದಿಕೊಳ್ಳುತ್ತಿಲ್ಲವೆಂದು ತಾವಾಗಿಯೇ ದೂರು ಬರೆದುಕೊಂಡರು. ಈಗ ಪ್ರಧಾನ ಕಚೇರಿಯ ಎರಡು ಅಂತಸ್ತಿನಲ್ಲಿ ಮಣ್ಣಿನ ಪೆಟ್ಟಿಗೆಗಳಿವೆ. ನಿರ್ದೇಶಕರು ಬೆಳಿಗ್ಗೆ ಬಂದ ಕೂಡಲೇ ಬೂಟು ಹೊರಗೆ ಬಿಟ್ಟು, ಒಂದೊಂದನ್ನೂ ಮಾತಾಡಿಸಿಕೊಂಡು ತಮ್ಮ ಕೋಣೆಗೆ ಹೋಗುತ್ತಾರೆ. ಮೇಲ್ವಿಚಾರಕಿ ಮುಖ್ಯ ಮೇಲ್ವಿಚಾರಕಿಯಾಗಿದ್ದಾಳೆ.

ಮೊನ್ನೆ ಆ ಬಸ್ಸಿಗೆ, ದಾರಿಗೆ ಹೊಸಬರಾದ ಶಾಲಾ ಮಾಸ್ತರೊಬ್ಬರು ಹತ್ತಿದರು. ಬಸ್ಸು ತುಂಬಿತ್ತು. ಕಿಟಕಿಯ ಪಕ್ಕದ ಸೀಟಿನಲ್ಲಿ ಮಾತ್ರ ಒಂದು ದೊಡ್ಡ ಡಬ್ಬಿ ಕೂತಿತ್ತು.

“ಇದನ್ನ ಕೆಳಗಿಡಬಹುದಲ್ವಾ?” ಎಂದರು ಮಾಸ್ತರು.

“ಅದು ಮಳೆ ಸಾರ್,” ಎಂದ ಕಂಡಕ್ಟರ್. “ಅರ್ಧ ಟಿಕೆಟ್ ಆಗಿದೆ.”

“ಎಲ್ಲಿಗೆ?”

“ರಾಜಧಾನಿಗೆ. ವರ್ಗ ಆಗಿದೆಯಲ್ಲ, ಆ ಮಣ್ಣಿನ ಮೇಲೆ ಬೀಳೋಕೆ.”

ಮಾಸ್ತರು ಡಬ್ಬಿಯನ್ನು ನೋಡಿದರು. ಹಿಂದಿನ ಸೀಟಿನ ಮುದುಕಿ ಇದರಲ್ಲೇನೂ ವಿಶೇಷವಿಲ್ಲವೆಂಬಂತೆ ಕಡಲೆ ಬಿಡಿಸುತ್ತಿದ್ದಳು. ಮಾಸ್ತರು ಅದರ ಪಕ್ಕದಲ್ಲೇ ಇದ್ದಷ್ಟು ಜಾಗದಲ್ಲಿ ಕೂತು, ತಮ್ಮ ಚೀಲವನ್ನು ತೊಡೆಗೆ ಎಳೆದುಕೊಂಡರು.

“ನಮ್ಮೂರಿನ ಮಳೆ ಯಾವ ಬಸ್ಸಿಗೆ ಹೋಗುತ್ತೆ?” ಎಂದು ಕೇಳಿದರು.

“ಹನ್ನೊಂದರ ಬಸ್ಸಿಗೆ,” ಎಂದ ಕಂಡಕ್ಟರ್, ಮತ್ತು ಸೀಟಿ ಊದಿದ.